ಬಿಟ್ಟುಹೋದ ಹೊಲಿಗೆ

"ನನ್ನ ಹಗ್ಗ ಕೊಯ್ದದ್ದು ಯಾರು?"

ಯಶ್ಮಿತಾಳ ಕೂಗಿಗೆ ದೋಣಿ ಶೆಡ್ಡಿನ ತಗಡೇ ನಡುಗಿತು. ಅವಳ ಕೈಯಲ್ಲಿ ಕಸದ ಬುಟ್ಟಿಯಿಂದ ಎತ್ತಿದ ಹಗ್ಗದ ತುಂಡು!

"ನಾನ ರೀ," ಎಂದ ಚನ್ನವೀರ, ತಲೆ ಎತ್ತದೆ.

ಕಳ್ಳ ಇಷ್ಟು ಸಲೀಸಾಗಿ ಒಪ್ಪಿಕೊಂಡರೆ ಜಗಳವಾದರೂ ಹೇಗೆ ಮಾಡುವುದು?

ವಿಜಯಪುರ ಕಡೆಯ ಈ ಚನ್ನವೀರ, ಪವನಾ ಜಲಾಶಯದ ದಂಡೆಯ ಕ್ಲಬ್ಬಿನಲ್ಲಿ ಹಾಯಿದೋಣಿಗಳ ಹಗ್ಗ-ತಂತಿ ನೋಡಿಕೊಳ್ಳುವವನು. ಕಲಿಯಲು ಬಂದವರಿಗೆ ಹೇಳಿಕೊಡುವವನೂ ಅವನೇ. ಯಶ್ಮಿತಾ, ಅಲ್ಲೇ ಹತ್ತಿರದ ತಳೇಗಾಂವದಲ್ಲಿ ಹೋಟೆಲ್ ನಡೆಸುವ ಉಡುಪಿ ಕಡೆಯವರ ಮಗಳು. ಸಾಂಬಾರಿಗೆ ನೀರು ಬೆರೆಸಿದ್ದನ್ನು ವಾಸನೆಯಲ್ಲೇ ಹಿಡಿಯುವ ಹುಡುಗಿ. ಅನುಮಾನ ಅವಳಿಗೆ ರಕ್ತದಲ್ಲೇ ಬಂದದ್ದು, ಪಾಪ!

ಮುಂದಿನ ಭಾನುವಾರ ರೇಸು. ಸೊಂಟದ ಬೆಲ್ಟನ್ನು ಹಗ್ಗದ ಕುಣಿಕೆಗೆ ಸಿಕ್ಕಿಸಿ, ದೋಣಿಯಿಂದಾಚೆ ನೀರಿನ ಮೇಲೆ ವಾಲಿ ನಿಲ್ಲಬೇಕು. ಆ ಕುಣಿಕೆ ತಾನೇ ಮಾಡಿದ್ದಾಗಿರಬೇಕು ಎಂಬುದು ಅವಳ ಆಸೆ. ಅದಕ್ಕೆ ಗಂಟು ಹಾಕುವುದಿಲ್ಲ. ಹಗ್ಗದ ತುದಿಯನ್ನು ಹಗ್ಗದ ಹೊಟ್ಟೆಯೊಳಗೇ ತೂರಿಸುತ್ತಾರೆ. ಸ್ಪ್ಲೈಸ್ ಎನ್ನುತ್ತಾರೆ.

"ಹೋದ ವಾರ ಈ ಕುಣಿಕೆ ನೋಡಿ 'ಭಾಳ ಚಂದ ಅದ' ಅಂದವರು ನೀವೇ ಅಲ್ವಾ? ಈಗ ಎಂತ ಆಯ್ತು?"

"ಸರಿ ಬಂದಿರ್ಲಿಲ್ರಿ. ಇನ್ನೊಂದು ಮಾಡ್ರಿ."

ಆಚೆ ಗೂಟದಲ್ಲಿ, ಜತೆಗೆ ಕಲಿಯುವ ರಕ್ಷಿತಾಳ ಕುಣಿಕೆ ಜೋಪಾನವಾಗಿ ತೂಗುತ್ತಿತ್ತು.

ಓಹೋ... ಹಾಗಾ ವಿಷಯ! ರೇಸಿಗೆ ಅವಳು, ಕಸಕ್ಕೆ ನಾನು! ಇವನ ನಗು, ತಂದುಕೊಡುವ ಚಹಾ, ಎಲ್ಲ ನಾಟಕವೇ? ಈ ಸೆಕೆಯಲ್ಲಿ ಉದ್ದ ತೋಳಿನ ಅಂಗಿ ಬೇರೆ. ಏನೋ ಮುಚ್ಚಿಡುತ್ತಿದ್ದಾನೆ. ಆ ನಗುವಿಗಾಗಿ ವಾರವಿಡೀ ಕಾಯುತ್ತಿದ್ದೆನಲ್ಲ, ನಾನೊಬ್ಬಳು ಪೆದ್ದಿ...

ಕಣ್ಣು ತುಂಬಿ ಬಂತು. ಹಲ್ಲು ಕಚ್ಚಿ ಹೊಸ ಕುಣಿಕೆ ಮಾಡಿಟ್ಟಳು. "ಬರ್ತೇನೆ" ಎಂದು ಹೊರಟವಳು ಸ್ಕೂಟರ್ ಹತ್ತಲಿಲ್ಲ. ಶೆಡ್ಡಿನ ಕಿಟಕಿಯ ಬಳಿ ಅವಿತು ನಿಂತಳು.

ಅಂದುಕೊಂಡಂತೆಯೇ ಆಯಿತು! ಚನ್ನವೀರ ಅತ್ತಿತ್ತ ನೋಡಿ, ಅವಳ ಕುಣಿಕೆ ಎತ್ತಿಕೊಂಡು, ದಪ್ಪ ಸೂಜಿಯಿಂದ ಚುಚ್ಚತೊಡಗಿದ.

"ಸಿಕ್ಕಿಬಿದ್ರಿ! ಸೂಜಿ ಕೆಳಗಿಡಿ ಮಾರಾಯ್ರೆ!"

ಒಳಗೆ ನುಗ್ಗಿದ ಅವಳನ್ನು ಕಂಡು ಬೆಚ್ಚಿದವನ ಬೆರಳಿಗೇ ಸೂಜಿ ಚುಚ್ಚಿತು.

"ನೀವ್ ತಿಳ್ಕೊಂಡಂಗ ಅಲ್ರಿ..."

"ಮತ್ತೆಂತ? ನಾನು ನೀರಿಗೆ ಬೀಳ್ಬೇಕು, ರಕ್ಷಿತಾ ಗೆಲ್ಬೇಕು. ಅಷ್ಟೇ ಅಲ್ವಾ?"

ಅವನು ಅಂಗಿಯ ತೋಳು ಮೇಲೆತ್ತಿದ. ಮೊಣಕೈ ತುಂಬ ತರಚಿದ ಗಾಯ.

"ಹೋದ ವಾರ ನೀವು ಹೋದ ಮ್ಯಾಲ ನಿಮ್ಮ ಕುಣಿಕಿಗೆ ಇಲ್ಲೇ ಶೆಡ್ಡಿನ್ಯಾಗ ನಾನ ತೂಗಿ ನೋಡಿದೆ. ನೀವು ತೂಗೂದಕ್ಕಿಂತ ಮೊದ್ಲ ನೋಡ್ಬೇಕಂತ. ತುದಿ ಜಾರಿತು, ಬಿದ್ದೆ. ಒಳಗ ತೂರಿಸಿದ ಮ್ಯಾಲ ಜಾರದಂಗ ಹೊಲಿಗಿ ಹಾಕ್ಬೇಕಲ್ರಿ... ನೀವು ಮರ್ತಿದ್ರಿ."

ಹೊಲಿಗೆ! ಯಶ್ಮಿತಾ ಅವನ ಕೈಯಲ್ಲಿದ್ದ ಕುಣಿಕೆಯತ್ತ ನೋಡಿದಳು. ಇವತ್ತೂ ತಾನು ಹಾಕಿರಲಿಲ್ಲ; ಅವನು ಹಾಕುತ್ತಿದ್ದದ್ದು ಅದನ್ನೇ.

"ಹೇಳ್ಬಹುದಿತ್ತಲ್ಲ!"

"ಕುಣಿಕಿ ಜಾರಿದ್ದು ಕ್ಲಬ್ಬಿನ ಸಾಹೇಬ್ರಿಗೆ ಗೊತ್ತಾದ್ರ, ಮಾಡಿದವರಿಗೆ ಈ ವರ್ಷ ರೇಸ್ ಇಲ್ಲ. ಅದಕ್ಕ ಕೊಯ್ದು ಒಗದೆ." ಅವನ ದನಿ ಸಣ್ಣದಾಯಿತು. "ರೇಸ್ ಇಲ್ಲಂದ್ರ ನೀವು ಬರೂದ ಬಿಡ್ತೀರೇನೋ ಅಂತ... ಭಾಳ ಅಂಜಿಕಿ ಆತ್ರಿ."

ಅಳು, ಸಿಟ್ಟು, ಸಂತೋಷ ಎಲ್ಲ ಒಟ್ಟಿಗೇ ನುಗ್ಗಿ ಬಂದವು. ಸಿಟ್ಟೇ ಮೊದಲು ಹೊರಬಿತ್ತು.

"ನನ್ನ ತಪ್ಪು ನನಗೇ ಹೇಳದಿದ್ರೆ ನಾನು ಕಲಿಯುದು ಯಾವಾಗ? ನಾನು ಬೇರೆ ಯಾರಿಗಾದ್ರೂ ಇಂಥದ್ದೇ ಮಾಡಿಕೊಟ್ಟಿದ್ರೆ?"

"ತಪ್ಪಾತ್ರಿ."

ಅವಳು ಸೂಜಿ ಕಸಿದುಕೊಂಡು ಕುಳಿತಳು. ಉಳಿದ ಹೊಲಿಗೆಗಳನ್ನು ತಾನೇ ಬಿಗಿಯಾಗಿ ಹಾಕಿದಳು. ಆಮೇಲೆ ಹಳೆಯ ತುಂಡನ್ನು ಎತ್ತಿಕೊಂಡು ಬಾಗಿಲಿಗೆ ನಡೆದಳು.

"ಎಲ್ಲಿಗ್ರಿ?"

"ಸಾಹೇಬ್ರ ಹತ್ರ. ಜಾರಿದ್ದು ನನ್ನದು ಅಂತ ಹೇಳ್ಲಿಕ್ಕೆ."

"ಅಯ್ಯ, ರೇಸ್ ಹೋಗ್ತದಲ್ರಿ!"

"ಹೋಗ್ಲಿ. ಮುಂದಿನ ವರ್ಷ ಉಂಟಲ್ಲ."

ಚನ್ನವೀರನ ಮುಖ ಅರಳಿತು. "ಅಂದ್ರ... ಅಲ್ಲೀತನಕ ಬರ್ತೀರೇನ್ರಿ?"

"ಹೇಳಿಕೊಡುವವರು ಏನೂ ಮುಚ್ಚಿಡದಿದ್ರೆ."

"ಇನ್ನೊಂದು ಮುಚ್ಚಿಟ್ಟೇನ್ರಿ." ಅವನು ಎರಡು ಹೆಜ್ಜೆ ಮುಂದೆ ಬಂದ. "ನಿಮ್ಮ ಮ್ಯಾಲ ನನಗ ಭಾಳ ಜೀವ ಅದ."

ಯಶ್ಮಿತಾ ಗಕ್ಕನೆ ನಿಂತಳು. ತಿರುಗಿದಾಗ ಅವಳ ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

"ಅದೊಂದರ ಅನುಮಾನ ಮಾತ್ರ ನನಗೆ ಬರ್ಲೇ ಇಲ್ಲ ನೋಡಿ!"

"ಈಗ?"

"ಈಗ ಬನ್ನಿ. ಸಾಹೇಬ್ರ ಬೈಗುಳ ಒಟ್ಟಿಗೇ ತಿನ್ನುವ."