ಸುರಂಗದಲ್ಲಿ ಕೂಗದ ಹೆಸರು

"ಮುಂದೆ ಉದ್ದನೆಯ ಸುರಂಗ ಬರುತ್ತೆ ಮಗಳೇ. ದಾಟೋವರೆಗೂ ಕೂಸಿನ ಹೆಸರು ಕೂಗ್ತಾ ಇರು. ಇಲ್ದಿದ್ರೆ ಅದರ ಜೀವ ಅಲ್ಲೇ ಉಳಿದುಬಿಡುತ್ತೆ."

ಎದುರು ಬೆಂಚಿನ ಮುದುಕಿ ಸತುರ್ನಿನಾ ಹೀಗೆಂದಾಗ ದೆಲ್ಫಿನಾಳಿಗೆ ನಗು ಬಂತು. ಲಿಮಾ ಬಿಟ್ಟು ಬೆಟ್ಟ ಹತ್ತುತ್ತಿರುವುದು ಅವಳಿಗೆ ಇದೇ ಮೊದಲು. ಮೇಲೆ ಚಿಕ್ಲಾದ ತಂತಿ ಕಚೇರಿಯಲ್ಲಿದ್ದ ಗಂಡ ಮೂರು ತಿಂಗಳ ಮಗನ ಮುಖವನ್ನು ಇನ್ನೂ ನೋಡಿರಲಿಲ್ಲ.

"ಅಜ್ಜೀ, ಇದು ಉಗಿಬಂಡಿ. ದಾರೀಲಿ ಉದುರಿ ಹೋಗೋಕೆ ಜೀವ ಏನು ನಿಮ್ಮ ಕತ್ತೆ ಮೇಲಿನ ಮೂಟೆನಾ?"

"ನಗು, ನಗು. ಆ ಸುರಂಗ ಕೊರೆಯುವಾಗ ಬಂಡೆ ಕುಸಿದು ಹದಿನೆಂಟು ಜನ ಒಳಗೇ ಸಿಕ್ಕೊಂಡ್ರು. ಎರಡು ದಿನ ಕಲ್ಲು ಬಡೀತಾನೇ ಇದ್ರು. ಯಾರೂ ಆ ಕಲ್ಲು ಸರಿಸಲಿಲ್ಲ. ಪಕ್ಕದಲ್ಲೇ ಕೊರೆದು ಹಳಿ ಹಾಕಿಬಿಟ್ರು. ಸತ್ತವನೊಬ್ಬನ ತಾಯಿ ಹಳಿ ಕೆಳಗೆ ಕರಿನಾಯಿ ತಲೆ ಹೂತು ಮಾಟ ಮಾಡಿದಳು. ನನ್ನ ಮಗ ಉಳಿದ ಹಾಗೆ ನಿಮ್ಮ ಕೂಸುಗಳೂ ಇಲ್ಲೇ ಉಳೀಲಿ ಅಂತ. ಯಾರ ಹೆಸರು ಕೂಗ್ತಾರೋ ಅವರನ್ನ ಮಾತ್ರ ಆ ಮಾಟ ಬಿಡುತ್ತೆ."

"ನನ್ನ ಮಗನಿಗೆ ಹೆಸರೇ ಇಟ್ಟಿಲ್ಲ, ಏನು ಮಾಡ್ಲಿ? ಅವರಪ್ಪನ ಎದುರಿಗೇ ಇಡ್ಬೇಕು ಅಂತಿದೀನಿ."

ಕೋಕಾ ಎಲೆ ಅಗಿಯುತ್ತಿದ್ದ ಮುದುಕಿಯ ದವಡೆ ನಿಂತಿತು. "ಈಗಲೇ ಒಂದು ಇಡು ತಾಯಿ. ಯಾವುದಾದ್ರೂ ಸರಿ."

ಎಂಜಿನ್ ಉದ್ದಕ್ಕೆ ಕೂಗಿತು. ಡಬ್ಬಿಯ ತಾಯಂದಿರೆಲ್ಲ ಒಮ್ಮೆಲೇ ಶುರು ಮಾಡಿದರು: "ಬಸೀಲಿಯೋ, ಬಾ! ಹಸಿಂತಾ, ಬಾ!" ದೆಲ್ಫಿನಾ ತುಟಿ ಬಿಗಿದು ಮಗುವನ್ನು ಎದೆಗೆ ಹಾಕಿಕೊಂಡಳು.

ಕತ್ತಲು ನುಂಗಿತು. ಕಲ್ಲಿದ್ದಲ ಹೊಗೆ, ಒದ್ದೆ ಕಲ್ಲಿನ ತಣ್ಣನೆಯ ವಾಸನೆ, ಅದರಡಿಯಲ್ಲಿ ಏನೋ ಕೊಳೆತ ನಾತ. ಗೋಡೆಗೆ ಯಾರೋ ಬಡಿಯುತ್ತಿದ್ದರು. ಟಕ್. ಟಕ್. ಟಕ್. ಚಕ್ರದ ಸದ್ದಿರಬೇಕು ಎಂದುಕೊಂಡಳು. ಹಾಲು ಚೀಪುತ್ತಿದ್ದ ಪುಟ್ಟ ಬಾಯಿ ತಟ್ಟನೆ ನಿಂತಿತು.

ಬೆಳಕು ಬಂದಾಗ ಮಗುವಿನ ಕೆನ್ನೆಯ ಮೇಲೊಂದು ಕೆಂಡದ ಕಿಡಿ ಬಿದ್ದಿತ್ತು. ಚರ್ಮ ಸುಡುತ್ತಿತ್ತು. ಮಗು ಅಳಲಿಲ್ಲ. ಉಸಿರಿತ್ತು, ಕಣ್ಣು ತೆರೆದಿತ್ತು. ಆ ಕಣ್ಣಲ್ಲಿ ಯಾರೂ ಇರಲಿಲ್ಲ.

ಸುರಂಗದಾಚೆ, ಅಂಕುಡೊಂಕು ಹಳಿಯ ಮುಂದಿನ ಏರನ್ನು ಹಿಮ್ಮುಖವಾಗಿ ಹತ್ತಲು, ಎಂಜಿನ್ನನ್ನು ಹಿಂದಿನ ತುದಿಗೆ ಜೋಡಿಸಲೆಂದು ಗಾಡಿ ನಿಂತಿತು. ದೆಲ್ಫಿನಾ ಮಗುವನ್ನು ಅವುಚಿಕೊಂಡು ಧುಮುಕಿದಳು. ಹಳಿಗುಂಟ ಸುರಂಗದ ಕಡೆಗೆ ವಾಪಸ್ ಓಡಿದಳು. ತೆಳ್ಳನೆಯ ಗಾಳಿ. ಉಸಿರು ಸಿಗದು. ಹಿಂದಿನಿಂದ ಸತುರ್ನಿನಾ ನೀರಿನ ಸೋರೆಬುರುಡೆ ಹಿಡಿದು ಏದುತ್ತಾ ಬರುತ್ತಿದ್ದಳು.

"ತಡಿಯೇ! ತಲೆಗೆ ನೀರು ಹಾಕಿ ಮೊದಲು ಹೆಸರಿಡು! ಹೆಸರಿಲ್ದೆ ಬರೀ ಮಗನೇ ಅಂತ ಕರೀಬೇಡ! ಒಳಗಿರೋರೆಲ್ಲ ಯಾರಿಗೋ ಒಬ್ಬರಿಗೆ ಮಕ್ಕಳೇ ಕಣೇ!"

ತಡೆಯುವ ತ್ರಾಣ ತಾಯಿಗೆ ಎಲ್ಲಿತ್ತು? ಸುರಂಗದ ಬಾಯಿಗೆ ಮುಖವಿಟ್ಟು ಕಿರುಚಿದಳು.

"ಮಗನೇ! ಬಾ! ಬಾರೋ ನನ್ನಪ್ಪಾ!"

ಸುರಂಗದೊಳಗಿನ ಟಕ್ ಟಕ್ ಬಡಿತ ನಿಂತಿತು.

ಒಳಗಿನಿಂದ ತಣ್ಣನೆಯ ಗಾಳಿ ಬೀಸಿ ಬಂತು. ತೋಳಲ್ಲಿದ್ದ ಮೈ ಬೆಚ್ಚಗಾಯಿತು. ರೆಪ್ಪೆ ಬಡಿಯಿತು. ಪುಟ್ಟ ಬೆರಳುಗಳು ಅವಳ ಹೆಬ್ಬೆರಳನ್ನು ಹಿಡಿದವು. "ಬಂದ ಅಜ್ಜೀ, ಬಂದುಬಿಟ್ಟ!" ಎಂದು ಅಳುತ್ತಾ ನಕ್ಕಳು.

ಹಿಡಿತ ಬಿಗಿಯಾಯಿತು. ಇನ್ನೂ ಬಿಗಿಯಾಯಿತು. ಮೂಳೆ ನೋಯುವಷ್ಟು.

ಹಲ್ಲಿಲ್ಲದ ಬಾಯಿ ತೆರೆಯಿತು. ಧೂಳು ಕಟ್ಟಿದ ಗಂಡಸಿನ ಗಂಟಲಿನಿಂದ ಮಾತು ಹೊರಟಿತು.

"ಕೊನೆಗೂ ಕಲ್ಲು ಸರಿಸಿದ್ರಾ?"

ಮುದುಕಿಯ ಕೈಯಿಂದ ಬುರುಡೆ ಜಾರಿತು. ನೀರನ್ನೆಲ್ಲ ಜಲ್ಲಿಕಲ್ಲು ಕುಡಿಯಿತು. ಆಗ ಸುರಂಗದ ಒಳಗೆ, ಬಹಳ ದೂರದಲ್ಲಿ, ಹಸಿದ ಎಳೆಗೂಸೊಂದು ಅಳತೊಡಗಿತು.

ದೆಲ್ಫಿನಾಳ ರವಿಕೆ ಹಾಲಿನಿಂದ ಒದ್ದೆಯಾಯಿತು.