ನಕ್ಷೆಯ ಎಡ, ಹಳ್ಳದ ಎಡ

ಗಣಿ ಕಂಪನಿ ಬೆಟ್ಟದ ಮೇಲೆ ಬಿಟ್ಟುಹೋದ ಕೆಸರುಕೆರೆಯ ಕೋಡಿಯನ್ನು ಮಧ್ಯಾಹ್ನದೊಳಗೆ ತೆರೆಯಲೇಬೇಕಿತ್ತು. ಇಲ್ಲದಿದ್ದರೆ ಮಣ್ಣಿನ ಏರಿ ಒಡೆದು ಓಮಾಳ ಮನೆಯ ಮೇಲೆ ಬೀಳುತ್ತಿತ್ತು. ಉಸಿರಾಟದ ಯಂತ್ರದ ನಳಿಕೆ ಮೂಗಿಗೆ ಹಾಕಿಕೊಂಡ ಓಮಾ ಹಾಸಿಗೆಯಲ್ಲಿದ್ದಳು. ಕೆಳಗಿನ ಸೇತುವೆ ಬೆಳಿಗ್ಗೆಯೇ ಕೊಚ್ಚಿಹೋಗಿತ್ತು, ಅವಳನ್ನು ಸಾಗಿಸಲು ದಾರಿಯಿರಲಿಲ್ಲ. ಓಮಾಳ ಮಗಳು ವಿಲ್ಮಾ ಮತ್ತು ಓಮಾಳ ತಮ್ಮ ಹೋಬರ್ಟ್ ಅಗೆಯುವ ಯಂತ್ರ ಹತ್ತಿ ಹೊರಟರು.

ಕೆಂಟಕಿಯ ಆ ಬೆಟ್ಟಕ್ಕೆ ಈಗ ನೆತ್ತಿಯೇ ಇರಲಿಲ್ಲ. ಕಲ್ಲಿದ್ದಲಿಗಾಗಿ ಅದನ್ನು ಕೊಯ್ದು, ಕಲ್ಲುಮಣ್ಣನ್ನು ಕಣಿವೆಗೆ ಸುರಿದು ಕಂಪನಿ ಹೊರಟುಹೋಗಿತ್ತು. ಸುರಿದವರಲ್ಲಿ ಹೋಬರ್ಟ್ ಕೂಡ ಒಬ್ಬ. ಆ ಬೋಳು ಇಳಿಜಾರುಗಳಲ್ಲಿ ವಿಲ್ಮಾ ಮೂರು ವರ್ಷದಿಂದ ಓಕ್ ಸಸಿ ನೆಡುತ್ತಿದ್ದಳು. ಐದು ದಿನದ ಮಳೆಗೆ ಕೆರೆಯ ತೂಬು ಕಟ್ಟಿಕೊಂಡಿತ್ತು. ಉಳಿದಿದ್ದು ಕೋಡಿ, ಅದರ ಮೇಲೂ ಕಂಪನಿ ಮಣ್ಣೆಳೆದಿತ್ತು.

ಕಂಪನಿಯ ಹಳೆಯ ನಕ್ಷೆಯಲ್ಲಿ ಕೋಡಿ ಇರುವುದು ‘ಎಡದಂಡೆ’ ಎಂದಿತ್ತು. ಹೋಬರ್ಟ್ ಎಡಕ್ಕೆ ಅಗೆದ. ಒಂದು ಗಂಟೆಯಾದರೂ ಕೋಡಿಯ ಹಾಸುಗಲ್ಲು ಸಿಗಲಿಲ್ಲ.

ಏರಿ ಮುಳುಗಲು ಇನ್ನೊಂದೇ ಗೇಣು.

“ಮಾವ, ಯಾವ ಕಡೆ ಮುಖ ಮಾಡಿ ಎಡ ಅಂತೀಯ?”

“ಹಳ್ಳದಗುಂಟ ಮೇಲಕ್ಕೆ ಹತ್ತೋವಾಗ ಎಡ. ನಿಮ್ಮಜ್ಜಿ ಇನ್ಯಾವ ಎಡ ಹೇಳ್ಕೊಟ್ಟಿದ್ಳು?”

ವಿಲ್ಮಾ ನಕ್ಷೆಯನ್ನು ತಿರುಗಿಸಿ ಹಿಡಿದಳು. ಅವಳಿಗೂ ಹುಟ್ಟಿದಾಗಿನಿಂದ ಅದೇ ಎಡ.

“ನಕ್ಷೆಯೋರು ನೀರು ಹರಿಯೋ ಕಡೆ ಮುಖ ಮಾಡಿ ನೋಡ್ತಾರೆ. ಕೋಡಿ ಆಚೆ ದಂಡೇಲಿದೆ. ಅದರ ಮೇಲೇ ನಾನು ಸಸಿ ನೆಟ್ಟಿದೀನಿ.”

“ಎಲ್ಲಾ ಹೋಗುತ್ತೆ, ಮಗಳೇ.”

“ಅಮ್ಮ ಉಳೀತಾಳಲ್ಲ. ನಡಿ.”

ಆಚೆ ಹೋಗಲು ಏರಿಯೊಂದೇ ದಾರಿ. “ನೀನು ಇಳಿದು ಓಡು,” ಎಂದ ಹೋಬರ್ಟ್.

ಅವಳು ಓಡಿ ದಾಟಿದಳು. ಯಂತ್ರ ಏರಿಗೆ ಹತ್ತಿತು.

ಮಣ್ಣು ಬಿರಿಯಿತು. ಹಿಂಭಾಗ ಜಾರಿತು.

ಹೋಬರ್ಟ್ ಯಂತ್ರದ ತೋಳು ಚಾಚಿ, ಹಲ್ಲುಗಳನ್ನು ನೆಲಕ್ಕೆ ಕಚ್ಚಿಸಿ ಎಳೆದ. ದಾಟಿತು.

ಮೊದಲ ಬಕೆಟ್ಟಿಗೆ ಸಸಿಗಳು ಬೇರುಸಹಿತ ಬಂದವು. ವಿಲ್ಮಾ ಮುಖ ತಿರುಗಿಸಲಿಲ್ಲ. ಆರನೆಯದಕ್ಕೆ ಕಲ್ಲು ಕಿರ್ರೆಂದಿತು.

“ಸಿಕ್ತು!”

ನೀರು ನುಗ್ಗಿತು. ಆ ಇಳಿಜಾರಿನ ಸಸಿಗಳನ್ನೆಲ್ಲ ಬಾಚಿಕೊಂಡು, ಓಮಾಳ ಮನೆಯನ್ನು ಬಳಸಿ ಕೆಳಗಿನ ಹಳ್ಳಕ್ಕೆ ಬಿತ್ತು. ಏರಿ ನಿಂತಿತು.

ಯಂತ್ರವನ್ನು ಅಲ್ಲೇ ಬಿಟ್ಟು, ಮೊಣಕಾಲುದ್ದ ಕೆಸರಿನಲ್ಲಿ ಇಬ್ಬರೂ ಇಳಿದು ಬಂದರು. ಬಾಗಿಲಲ್ಲಿ ನಿಂತು ಮೊದಲು ಕಿವಿಗೊಟ್ಟರು. ಉಸಿರಾಟದ ಯಂತ್ರ ಗೊರಗುಡುತ್ತಿತ್ತು.

ನಡೆದದ್ದನ್ನು ಕೇಳಿ ಓಮಾ ತಮ್ಮನತ್ತ ನೋಡಿದಳು. “ಎಡ ಬಲ ಗೊತ್ತಿಲ್ದೆ ಮೂವತ್ತು ವರ್ಷ ಬೆಟ್ಟ ಕಡಿದ್ಯೇನೋ?”

“ಬೆಟ್ಟ ಕಡಿಯೋಕೆ ಯಾವ ಕಡೆಯಾದ್ರೂ ಒಂದೇ, ಅಕ್ಕ,” ಎಂದ ಹೋಬರ್ಟ್. ಅವನು ನಗಲಿಲ್ಲ.

ಓಮಾ ಮಗಳ ಕೆಸರುಗೈ ಹಿಡಿದಳು. “ಸಸಿ?”

“ಹನ್ನೊಂದು ಉಳಿದಿವೆ.”

“ಯಾವ ಕಡೆ?”

ವಿಲ್ಮಾ ಹಳ್ಳ ಇಳಿದುಬರುವ ಬೆಟ್ಟದ ಕಡೆ ಮುಖ ಮಾಡಿದಳು.

“ನಮ್ಮ ಎಡಕ್ಕೆ, ಅಮ್ಮ.”