ಒಂದೇ ಕೇಬಲ್‌ನ ಎರಡು ತುದಿ

"ಇಷ್ಟೇನಾ?!"

ರಂಜಿತಳ ದನಿಗೆ ಮೇಜಿನ ಕೆಳಗಿದ್ದವನು ಬೆಚ್ಚಿ ತಲೆ ಎತ್ತಿದ. ಠಣ್! ಹಣೆ ಮೇಜಿಗೆ ಬಡಿಯಿತು.

"ಅಬ್ಬಾ... ಏನ್ರೀ ಇಷ್ಟೇ?"

"ಡಬ್ಬಿಯಿಂದ ತೆಗೆದ್ರಿ, ಕರೆಂಟ್ ಕೊಟ್ರಿ, ಕೇಬಲ್ ಚುಚ್ಚಿದ್ರಿ, ಆಯ್ತು ಅಂತಿದೀರ! ಸೆಟ್ಟಿಂಗ್ ಏನೂ ಮಾಡಲ್ವಾ? ನಾನೇನು ದಡ್ಡಿನಾ?"

ಮುಳಬಾಗಿಲಿನ ಆ ಕಂಪ್ಯೂಟರ್ ಕೇಂದ್ರದಲ್ಲಿ ರಂಜಿತ ಲ್ಯಾಬ್ ಸಹಾಯಕಿ. ತಾಯಲೂರಿನಿಂದ ದಿನಾ ಬಸ್ಸಿನಲ್ಲಿ ಬರುವವಳು. ಅವನು ನಂಗಲಿಯ ಕದಿರೇಶ, ಊರೂರು ತಿರುಗಿ ನೆಟ್‌ವರ್ಕ್ ಕೆಲಸ ಮಾಡುವವನು.

ಹಣೆ ಉಜ್ಜಿಕೊಳ್ಳುತ್ತಲೇ ಅವನು ನಕ್ಕ. "ಕಂಪ್ಯೂಟರುಗಳನ್ನೆಲ್ಲಾ ಜೋಡಿಸೋ ಈ ಸ್ವಿಚ್ಚಿಗೆ ಸೆಟ್ಟಿಂಗೇ ಇಲ್ಲ ಕಣ್ರೀ. ತಾನೇ ಕಲಿಯುತ್ತೆ. ಒಂದೊಂದು ಕಂಪ್ಯೂಟರಿಗೂ ಒಂದು ನಂಬರ್ ಇರುತ್ತೆ. ಅದು ಏನಾದ್ರೂ ಕಳಿಸಿದ್ರೆ, ಈ ನಂಬರ್ ಈ ಪೋರ್ಟಿಂದ, ಅಂದ್ರೆ ಕೇಬಲ್ ಚುಚ್ಚೋ ಈ ಕಿಂಡಿಯಿಂದ ಬಂತು ಅಂತ ಗುರುತಿಟ್ಕೊಳ್ಳುತ್ತೆ. ಆಮೇಲೆ ಆ ನಂಬರಿಗೆ ಏನೇ ಬಂದ್ರೂ ಆ ಪೋರ್ಟಿಗೆ ಮಾತ್ರ ಕೊಡುತ್ತೆ."

"ಗುರುತೇ ಇಲ್ದೋರಿಗೆ ಬಂದ್ರೆ?"

"ಬಂದ ಪೋರ್ಟ್ ಬಿಟ್ಟು ಮಿಕ್ಕಿದ್ದಕ್ಕೆಲ್ಲಾ ಕಳಿಸುತ್ತೆ. ಯಾರದ್ದೋ ಅವ್ರು ಉತ್ತರ ಕೊಡ್ತಾರೆ. ಆಗ ಅವರ ಗುರುತೂ ಸಿಕ್ತು!"

ಅವಳು ಹೂಂ ಎಂದು ತಿರುಗಿಕೊಂಡಳು. ತುಟಿಯಂಚಿನ ನಗು ಅವನಿಗೆ ಕಾಣಬಾರದಲ್ಲ!

ಆಮೇಲೆ ಕೆಲಸವಿದ್ದರೂ ಇಲ್ಲದಿದ್ದರೂ ಅವನು ಬರತೊಡಗಿದ. 'ರೀ' ಹೋಗಿ 'ಕಣೇ' ಬಂತು. ಯುಗಾದಿ ಕಳೆದ ಮೇಲೆ ತಾಯಲೂರಿಗೆ ಹೆಣ್ಣು ಕೇಳಲು ಬರುತ್ತೇನೆ ಎಂದು ಅವನ ತಾಯಿ ಬೈರಮ್ಮ ಹೇಳಿಯೂ ಆಗಿತ್ತು.

ಅಷ್ಟರಲ್ಲಿ ಆ ಪರೀಕ್ಷೆ ಬಂತು...

ಅದು ನೌಕರಿಯ ಪರೀಕ್ಷೆ, ಕಂಪ್ಯೂಟರಿನಲ್ಲೇ ಬರೆಯುವುದು. ಹಿಂದಿನ ಸಂಜೆ ಕದಿರೇಶ ಎಲ್ಲವನ್ನೂ ಪರೀಕ್ಷಿಸಿ ಹೋಗಿದ್ದ. ಬೆಳಿಗ್ಗೆ, ಅಭ್ಯರ್ಥಿಗಳು ಒಳಬರುವ ಹತ್ತು ನಿಮಿಷ ಮುಂಚೆ, ಸ್ವಿಚ್ಚಿನ ಪಕ್ಕ ಒಂದು ಕೇಬಲ್‌ನ ತುದಿ ನೇತಾಡುತ್ತಿದ್ದುದು ರಂಜಿತಳ ಕಣ್ಣಿಗೆ ಬಿತ್ತು.

'ಅಯ್ಯೋ, ಕಳಚಿಕೊಂಡಿದೆ! ಪಾಪ, ಮರೆತುಬಿಟ್ಟಿದ್ದಾನೆ.'

ಪ್ರೀತಿಯಿಂದಲೇ ಅದನ್ನು ಖಾಲಿ ಪೋರ್ಟಿಗೆ ಚುಚ್ಚಿದಳು.

ಒಂಬತ್ತಕ್ಕೆ ನಲವತ್ತು ಪರದೆಗಳೂ ನಿಂತುಹೋದವು! ಸ್ವಿಚ್ಚಿನ ದೀಪಗಳೆಲ್ಲ ಹುಚ್ಚು ಹಿಡಿದಂತೆ ಮಿನುಗುತ್ತಿದ್ದವು. ಮಾಲೀಕ ಉಮಾಶಂಕರ್ ಅದನ್ನು ಆರಿಸಿ ಹಾಕಿದರು, ಮತ್ತೆ ಆರಿಸಿ ಹಾಕಿದರು. ಊಹೂಂ!

ಶ್ರೀನಿವಾಸಪುರದಲ್ಲಿದ್ದ ಕದಿರೇಶ ಬೈಕಿನಲ್ಲಿ ಧಾವಿಸಿ ಬರುವಷ್ಟರಲ್ಲಿ ಪರೀಕ್ಷೆ ರದ್ದಾಗಿತ್ತು. ಅವನು ಬಗ್ಗಿ ನೋಡಿ ಒಂದು ತುದಿಯನ್ನು ಕಿತ್ತ. ನಿಮಿಷದಲ್ಲಿ ಎಲ್ಲವೂ ಸರಿಹೋಯಿತು.

"ಒಂದೇ ಕೇಬಲ್‌ನ ಎರಡೂ ತುದಿ ಇದರಲ್ಲೇ ಇತ್ತು ಸಾರ್. ಎಲ್ಲರಿಗೂ ಅಂತ ಕಳಿಸಿದ್ದು ಹೊರಗೆ ಹೋಗಿ, ತಿರುಗಿ ಇದರೊಳಗೇ ಬಂದು, ಸುತ್ತಿ ಸುತ್ತಿ ತುಂಬ್ಕೊಳ್ಳುತ್ತೆ. ಇದು ಸಾದಾ ಸ್ವಿಚ್ಚು. ಅದನ್ನ ತಡೆಯೋಕೆ ಇದಕ್ಕೆ ಬರಲ್ಲ."

ನೇತಾಡುತ್ತಿದ್ದ ಆ ತುದಿ ರಂಜಿತಳಿಗೆ ನೆನಪಾಯಿತು. 'ನಾನು... ನಾನೇ!'

"ಯಾರು ಹಾಕಿದ್ದು?" ಉಮಾಶಂಕರ್ ಗುಡುಗಿದರು.

ಹೇಳಬೇಕು. ಈಗಲೇ ಹೇಳಬೇಕು... ಆದರೆ ಬಾಯಿಂದ ಬಂದದ್ದು ಬೇರೆ.

"ನಿನ್ನೆ ಕೊನೇಗೆ ಕೆಲ್ಸ ಮಾಡಿದ್ದು ಕದಿರೇಶ್ ಅವ್ರೇ ಸಾರ್."

ಅದು ಸುಳ್ಳಲ್ಲ. ಆದರೆ ಸುಳ್ಳಿಗಿಂತ ಕೆಟ್ಟದ್ದು.

ಕದಿರೇಶ ಅವಳನ್ನು ನೋಡಿದ. ಬಳಿಕ ತನ್ನ ಕೈಗಳನ್ನು ನೋಡಿಕೊಂಡು, "ಇರ್ಬೋದು ಸಾರ್..." ಎಂದ.

ಹೊರಗೆ, ಪರೀಕ್ಷೆ ಬರೆಯಲು ಮಾಲೂರಿನಿಂದ ಬಂದಿದ್ದ ಮುನಿಲಕ್ಷ್ಮಿ ಎಂಬಾಕೆ ಅವನನ್ನು ತಡೆದು ನಿಲ್ಲಿಸಿದಳು. "ಇನ್ನೊಂದ್ಸಲ ಕೂರಿಸ್ತಾರಾ ಅಣ್ಣಾ? ಮುಂದಿನ್ಸಲಕ್ಕೆ ನಂಗೆ ವಯಸ್ಸು ಮೀರೋಗುತ್ತೆ..." ಆಕೆಯ ಅಳು ಬಾಗಿಲಲ್ಲಿದ್ದ ರಂಜಿತಳಿಗೂ ಕೇಳಿಸಿತು.

ಆ ದಿನದಿಂದ ಅವನು ಫೋನ್ ಎತ್ತಲಿಲ್ಲ.

'ಅವನಿಗೆ ಗೊತ್ತಾಗಿದೆ. ಅದಕ್ಕೇ ನನ್ನನ್ನು ದ್ವೇಷಿಸುತ್ತಿದ್ದಾನೆ' ಎಂದುಕೊಂಡಳು ರಂಜಿತ. ಯುಗಾದಿ ಬಂತು, ಹೋಯಿತು. ಬೈರಮ್ಮ ಬರಲಿಲ್ಲ.

ಎಂಟು ತಿಂಗಳ ಮೇಲೆ ಕದಿರೇಶನ ಊರಿನ ಹುಡುಗ ಗೋಪಿ ಬಸ್ಸಿನಲ್ಲಿ ಸಿಕ್ಕ. ಅವನ ಸುದ್ದಿ ಕೇಳಿದಳು. "ಕದಿರೇಶನಾ? ಆ ಕೆಲ್ಸ ಬಿಟ್ಬಿಟ್ಟ ಅಕ್ಕ. ಹೈವೇಲಿ ಲಾರಿಗಳಿಗೆ ಟಾರ್ಪಾಲು ಕಟ್ತಾನೆ. ನನ್ ಕೈ ಸರಿ ಇಲ್ಲ ಅಂತಾನೆ."

ನನ್ನ ಕೈ ಸರಿ ಇಲ್ಲ... ಹಾಗಾದರೆ ಅವನಿಗೆ ಗೊತ್ತೇ ಇಲ್ಲವೇ?!

ಮರುದಿನವೇ ಅವಳು ಉಮಾಶಂಕರ್ ಮುಂದೆ ನಿಂತು ಎಲ್ಲ ಹೇಳಿದಳು. "ಸೋಮವಾರದಿಂದ ಬರ್ಬೇಡಮ್ಮ" ಎಂದರು ಅವರು, ಮುಖ ಎತ್ತದೆ. ಅಲ್ಲಿಂದ ಮಾಲೂರಿಗೆ ಹೋಗಿ ಮುನಿಲಕ್ಷ್ಮಿಯ ಮನೆ ಹುಡುಕಿದಳು. ಆಕೆ ಪೂರ್ತಿ ಕೇಳಿಸಿಕೊಂಡು ಬಾಗಿಲು ಹಾಕಿಕೊಂಡಳು.

ಕೊನೆಗೆ ನಂಗಲಿ.

ಮಟಮಟ ಮಧ್ಯಾಹ್ನ. ಕದಿರೇಶ ಲಾರಿಯೊಂದರ ಹಗ್ಗ ಬಿಗಿಯುತ್ತಿದ್ದ. ಅಂಗೈ ಸುಲಿದು ಕೆಂಪಾಗಿತ್ತು.

"ಕದಿರೇಶ... ಆ ತುದಿ ಹಾಕಿದ್ದು ನಾನು. ನೇತಾಡ್ತಿತ್ತು ಅಂತ ಹಾಕ್ದೆ. ನೀನು ಹೇಳ್ದಾಗಲೇ ಗೊತ್ತಾಯ್ತು. ಆದ್ರೂ ಬಾಯಿ ಬಿಡ್ಲಿಲ್ಲ."

ಅವನ ಕೈಯಿಂದ ಹಗ್ಗ ಜಾರಿತು.

"ಅಂದ್ರೆ... ನಾನಲ್ವಾ?"

"ಅಲ್ಲ."

"ನಾನು ಹಾಕಿರ್ಲಿಲ್ವಾ?!"

"ಇಲ್ಲ ಕಣೋ..."

ಅವನು ಲಾರಿಯ ಚಕ್ರಕ್ಕೊರಗಿ ಕುಳಿತ. ಕಣ್ಣು ತುಂಬಿತು. ಮರುಕ್ಷಣ ಅದೇ ಕಣ್ಣಲ್ಲಿ ಬೆಂಕಿ!

"ಎಂಟು ತಿಂಗಳು ರಂಜಿತಾ! ಮನೇಲಿ ಬಲ್ಬ್ ಹಾಕೋಕೂ ನಡುಗ್ತಿದ್ದೆ. ಆಯಮ್ಮ ಅತ್ತಿದ್ದು ಇವತ್ತಿಗೂ ಕಿವೀಲಿದೆ. ನಿಂಗೆ ಯಾವ ಮುಖ ಇಟ್ಕೊಂಡು ಫೋನ್ ಮಾಡ್ಲಿ ಅಂತ ನಾನಿದ್ರೆ, ನೀನು... ನೀನು ಗೊತ್ತಿದ್ದೂ ಸುಮ್ನಿದ್ದೆ!"

"ಹೂಂ. ಸುಮ್ನಿದ್ದೆ."

"ಪ್ರೀತಿ ಇರ್ಲಿಲ್ವಾ?"

"ಇತ್ತು. ಈಗ್ಲೂ ಇದೆ. ಅಷ್ಟಿದ್ದೂ ಹೇಳ್ಲಿಲ್ಲ. ಹೆದ್ರಿದ್ದೆ... ಅದು ಕಾರಣ ಅಷ್ಟೇ, ನೆಪ ಅಲ್ಲ."

ಅವನು ಎದ್ದು ಹಗ್ಗ ಬಿಗಿದು ಮುಗಿಸಿದ. ಲಾರಿ ಹೋಯಿತು. ಇಬ್ಬರ ಮೇಲೂ ಧೂಳು.

"ನಮ್ಮಮ್ಮನ ಮುಂದೆ ಹೇಳ್ತೀಯಾ?"

"ಹೇಳ್ತೀನಿ."

"ಬೈತಾಳೆ."

"ಬೈಸ್ಕೊಳ್ತೀನಿ."

"ತೆಲುಗಲ್ಲಿ ಬೈತಾಳೆ."

"ಅರ್ಥ ಆಗುತ್ತೆ."

ಅವನು ಹೆದ್ದಾರಿಯ ಅಂಚಿಗೆ ನಡೆದ. ಅವಳು ಎರಡು ಹೆಜ್ಜೆ ಹಿಂದೆ. ಅವನ ಮನೆಗೆ ಆಚೆ ಬದಿಗೆ ದಾಟಬೇಕು. ಲಾರಿಗಳು ಒಂದರ ಹಿಂದೊಂದು ನುಗ್ಗುತ್ತಿದ್ದವು. ತಿರುಗಿಯೂ ನೋಡದೆ ಅವನು ಸುಲಿದ ಕೈಯನ್ನು ಹಿಂದಕ್ಕೆ ಚಾಚಿದ.

"ಹಿಡ್ಕೋ. ಕ್ಷಮಿಸ್ಬಿಟ್ಟೆ ಅಂತ ಮಾತ್ರ ಅಂದ್ಕೋಬೇಡ."

"ಅಂದ್ಕೊಳ್ಳಲ್ಲ..."

ನೋಯದ ಹಾಗೆ, ಮೆಲ್ಲಗೆ ಹಿಡಿದಳು.

"ಇನ್ನೂ ಗಟ್ಟಿಯಾಗಿ ಹಿಡ್ಕೊಳ್ಳೇ."